ಸಿರಪ್ ಕುಡಿಸಿ ಶಾಲೆಗೆ ಕಳುಹಿಸುವ ಮೊದಲು

ಕೇರಳದಲ್ಲಿ ಶಾಲೆ ತೆರೆಯುವುದೂ ಮಳೆಗಾಲ ಕಾಲಿಡುವುದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಆಗುವುದರಿಂದ, ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಕನ್ನಡ ಶಾಲೆಗಳ ಮಕ್ಕಳು ಜೂನ್ ಕೊನೆಯ ಹೊತ್ತಿಗೆ ಗುಂಪುಗುಂಪಾಗಿ ಜ್ವರ, ಕೆಮ್ಮು, ಮೈಕೈ ನೋವೆಂದು ನನ್ನಲ್ಲಿಗೆ ಬರತೊಡಗುತ್ತಾರೆ. ಮಳೆಗೆ ನೆನೆದದ್ದೇ ಕಾರಣವೆಂದು ಹೆತ್ತವರು ಹೇಳುವುದು ರೂಢಿ. ಆದರೆ ಫ್ಲೂ ಎಂಬ ಈ ಜ್ವರವನ್ನು ತರುವುದು ಇನ್‌ಫ್ಲುಯೆಂಜಾ ವೈರಸ್. ಮಳೆ ಅದಕ್ಕೆ ದಾರಿ ಮಾಡಿಕೊಡುತ್ತದೆ, ಅಷ್ಟೆ. ಎರಚಲು ಬೀಳದಿರಲೆಂದು ನಾವು ತರಗತಿಯ ಕಿಟಕಿಗಳನ್ನು ಮುಚ್ಚುತ್ತೇವೆ, ಮಕ್ಕಳನ್ನು ತುಂಬಿಕೊಂಡ ರಿಕ್ಷಾದ ಎರಡೂ ಬದಿಗೆ ಟರ್ಪಾಲು ಇಳಿಸುತ್ತೇವೆ; ಒಳಗೆ ಒಬ್ಬ ಮಗು ಕೆಮ್ಮಿದರೆ ಆ ಗಾಳಿಯನ್ನೇ ಉಳಿದವರೆಲ್ಲ ಉಸಿರಾಡುತ್ತಾರೆ.

ಕಳೆದ ಮಳೆಗಾಲದಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳನ್ನು ತಾಯಿ ಮಧ್ಯಾಹ್ನ ಶಾಲೆಯಿಂದ ನೇರವಾಗಿ ಕರೆತಂದರು. ಥರ್ಮಾಮೀಟರು 102 ಡಿಗ್ರಿ ತೋರಿಸುತ್ತಿತ್ತು. "ಬೆಳಿಗ್ಗೆ ಏಳಕ್ಕೆ ಸಿರಪ್ ಕೊಟ್ಟೆ ಡಾಕ್ಟ್ರೇ, ಜ್ವರ ಬಿಟ್ಟಿತ್ತು, ಹಾಗೆ ಕಳುಹಿಸಿದೆ" ಎಂದರು. ಎರಡು ದಿನ ಕಳೆದು ಅವಳ ಬೆಂಚಿನ ಇಬ್ಬರು ಗೆಳತಿಯರೂ ಬಂದರು. ಆ ತಾಯಿಯ ಮೇಲೆ ತಪ್ಪು ಹೊರಿಸಲಾರೆ. ಆ ಸಿರಪ್‌ನಲ್ಲಿರುವ ಪ್ಯಾರಸಿಟಮಾಲ್ ನಾಲ್ಕರಿಂದ ಆರು ಗಂಟೆ ಜ್ವರವನ್ನು ತಗ್ಗಿಸುತ್ತದೆಯೇ ಹೊರತು ವೈರಸ್ಸನ್ನು ಮುಟ್ಟುವುದಿಲ್ಲವೆಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಸೋಂಕು ತಗಲಿದ ಒಂದರಿಂದ ನಾಲ್ಕು ದಿನಗಳೊಳಗೆ ಲಕ್ಷಣ ಕಾಣಿಸಿಕೊಳ್ಳುತ್ತದೆ. ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಮಗು ವೈರಸ್ ಹರಡತೊಡಗುತ್ತದೆ, ಚಿಕ್ಕ ಮಕ್ಕಳಲ್ಲಿ ಇದು ಒಂದು ವಾರಕ್ಕೂ ಮೀರಿ ಮುಂದುವರಿಯಬಹುದು. ಪೂರ್ತಿ ತಡೆಯುವುದು ಆಗದ ಮಾತಾದರೂ, ಹರಡುವಿಕೆ ಅತಿ ಹೆಚ್ಚಿರುವ ಮೊದಲ ಮೂರು ನಾಲ್ಕು ದಿನ ಮಗು ಮನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಶಾಲೆಗೆ ಕಳುಹಿಸಿ. ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿಯನ್ನು ಶಾಲೆಗಳು ಕೈಬಿಡಬೇಕೆಂದು ನಾನು ಮನಃಪೂರ್ವಕ ಕೇಳಿಕೊಳ್ಳುತ್ತೇನೆ. ಜ್ವರದ ಮಗುವನ್ನು ತರಗತಿಗೆ ಎಳೆದು ತರುವುದು ಎಷ್ಟೋ ಸಲ ಆ ಬಹುಮಾನವೇ.

ಗಾಳಿಯ ಬೀಸು ಇಲ್ಲದ ಬದಿಯ ಕಿಟಕಿಗಳನ್ನಾದರೂ ಅಧ್ಯಾಪಕರು ತೆರೆದಿಡಲಿ. ಸೀನುವಾಗ ಅಂಗೈಯ ಬದಲು ಮೊಣಕೈ ಮಡಚಿ ಮುಖ ಮುಚ್ಚಿಕೊಳ್ಳುವುದನ್ನು, ಬಿಸಿಯೂಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೆ ಮಾಡಿ ತೋರಿಸಬೇಕು. ನೀರಿನ ಬಾಟಲಿ ಒಬ್ಬರದು ಒಬ್ಬರಿಗೆ ಬೇಡ.

ಫ್ಲೂ ಲಸಿಕೆಯನ್ನು ಆರು ತಿಂಗಳು ತುಂಬಿದ ಮಕ್ಕಳಿಗೆ ಕೊಡಬಹುದು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲವಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸು ಬೇಕಾಗುವುದರಿಂದ, ನಮ್ಮ ಕಡೆ ಏಪ್ರಿಲ್‌ನಲ್ಲೇ ಆರಂಭಿಸುವುದು ಒಳ್ಳೆಯದು. ದಮ್ಮು, ಹೃದಯದ ತೊಂದರೆ ಇರುವ ಮಕ್ಕಳಿಗಂತೂ ಇದನ್ನು ತಪ್ಪಿಸಬಾರದು.

ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ. ಹಳೆಯ ಚೀಟಿ ತೋರಿಸಿ ಆ್ಯಂಟಿಬಯೋಟಿಕ್ ತರುವುದೂ ಬೇಡ. ಮಗು ಏದುಸಿರು ಬಿಡುತ್ತಿದ್ದರೆ, ಪಕ್ಕೆ ಒಳಸೇದುತ್ತಿದ್ದರೆ, ನೀರೂ ಕುಡಿಯದೆ ಮಂಕಾಗಿ ಮಲಗಿದ್ದರೆ, ಬೆಳಗಾದ ಮೇಲೆ ಮಂಗಳೂರಿಗೆ ಹೋಗೋಣವೆಂದು ಕಾಯದೆ ಆ ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.