ಎಲ್ಲರಿಗೂ ಕಾಣಬೇಕು ಅಂದರೆ ಬಣ್ಣ ಬಿಡಬೇಕಾ?

ಓದುಗರ ಪ್ರಶ್ನೆ: ದೃಷ್ಟಿ ಮಂದ ಇರುವವರು, ಬಣ್ಣಗುರುಡು ಇರುವವರು ಕೂಡ ಓದುವಂತೆ ಪೋಸ್ಟರ್ ಮಾಡಬೇಕು ಅಂದರೆ ಕಪ್ಪು ಬಿಳುಪಿನಲ್ಲೇ ಮಾಡಬೇಕಾ? ಅಂದ ಕೆಡುವುದಿಲ್ವಾ?

ಉತ್ತರ: ಖಂಡಿತ ಬೇಡ. ಬಣ್ಣ ಎಷ್ಟು ಬೇಕಾದರೂ ಇರಲಿ. ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ತಿಳಿ-ಗಾಢದ ವ್ಯತ್ಯಾಸ ಸಾಕಷ್ಟಿದೆಯಾ, ಅದನ್ನು ಮೊದಲು ನೋಡಿ. ಕಾಂಟ್ರಾಸ್ಟ್ ಅನ್ನುವುದು ಇದನ್ನೇ.

ಇದಕ್ಕೆ ಲೆಕ್ಕವೂ ಇದೆ. ಕಾಂಟ್ರಾಸ್ಟನ್ನು ಅನುಪಾತದಲ್ಲಿ ಹೇಳುತ್ತಾರೆ, ಮೊದಲ ಸಂಖ್ಯೆ ದೊಡ್ಡದಾದಷ್ಟೂ ವ್ಯತ್ಯಾಸ ಹೆಚ್ಚು. ವೆಬ್‌ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಅನ್ನುವ ಮಧ್ಯದ ಹಂತದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಬಿಳಿಯ ಮೇಲೆ ಕಪ್ಪು 21:1. ಬಿಳಿಯ ಮೇಲೆ ಅಚ್ಚ ಕೆಂಪು ಸುಮಾರು 4:1. ಅಂದರೆ ತಲೆಬರಹಕ್ಕೆ ಸರಿ, ಕೆಳಗಿನ ಸಣ್ಣ ಸಾಲುಗಳಿಗೆ ಸಾಲದು. ಆದರೆ ಅದೇ ಕೆಂಪನ್ನು ಒಂಚೂರು ಗಾಢ ಮಾಡಿದರೆ ಪಾಸಾಗುತ್ತದೆ. ನಿಮ್ಮ ಕೆಂಪು ಕೆಂಪಾಗಿಯೇ ಉಳಿಯಿತು, ಅಲ್ವಾ? ಮಾರ್ಗಸೂಚಿ ಪರದೆಗಾಗಿ ಬರೆದದ್ದು ನಿಜ, ಆದರೆ ಪೋಸ್ಟರ್‌ಗೂ ನಾನು ಇದನ್ನೇ ಅಳತೆಗೋಲು ಮಾಡಿಕೊಳ್ಳುತ್ತೇನೆ.

ಲೆಕ್ಕ ಒಂದನ್ನೇ ನಂಬಿ ಕೂರಬೇಡಿ. ಕಪ್ಪಿನ ಮೇಲೆ ಅಚ್ಚ ಕೆಂಪು ಹಾಕಿದರೆ 5.25:1 ಬರುತ್ತದೆ, ನಿಯಮದ ಪ್ರಕಾರ ಸರಿ. ಆದರೆ ಒಂದು ಬಗೆಯ ಬಣ್ಣಗುರುಡು ಇರುವವರಿಗೆ ಕೆಂಪೇ ತುಂಬ ಮಸುಕಾಗಿ ಕಾಣುತ್ತದೆ. ಅವರ ಕಣ್ಣಿಗೆ ಆ ಅಕ್ಷರ ಕಪ್ಪಿನಲ್ಲಿ ಮುಳುಗಿಹೋಗಬಹುದು. ಎಚ್ಚರಿಕೆಯ ಮಾತುಗಳನ್ನೇ ಜಾಸ್ತಿ ಹೀಗೆ ಬರೆಯುತ್ತಾರೆ ಅನ್ನುವುದು ನನಗೆ ತುಂಬ ಬೇಸರದ ಸಂಗತಿ.

ಇನ್ನೊಂದು ಮಾತು. ಬಣ್ಣದಿಂದ ಮಾತ್ರ ತಿಳಿಯುವ ವಿಷಯ ಯಾವುದೂ ಇರಬಾರದು. ‘ಕೆಂಪು ಗೆರೆ ಖರ್ಚು, ಹಸಿರು ಗೆರೆ ಆದಾಯ’ ಅಂದರೆ ಕೆಲವರಿಗೆ ಎರಡೂ ಒಂದೇ. ಒಂದನ್ನು ತುಂಡುಗೆರೆ ಮಾಡಿ, ಪಕ್ಕದಲ್ಲೇ ಹೆಸರು ಬರೆಯಿರಿ. ಆಮೇಲೆ ಚಿತ್ರವನ್ನು ಗ್ರೇಸ್ಕೇಲ್ ಮಾಡಿ, ಅಂದರೆ ಬಣ್ಣ ತೆಗೆದು ಬರೀ ಕಪ್ಪು, ಬಿಳಿ, ಬೂದು ಉಳಿಸಿ ನೋಡಿ. ಆಗಲೂ ಅರ್ಥವಾದರೆ ಅರ್ಧ ಗೆದ್ದಂತೆ.

ಕಣ್ಣೇ ಕಾಣದವರಿಗೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಪೋಸ್ಟರನ್ನು ಆನ್‌ಲೈನ್ ಹಾಕುವಾಗ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಜೊತೆ ಸೇರಿಸುವ ವಿವರಣೆ ಬರೆಯಿರಿ, ಪರದೆಯಲ್ಲಿರುವುದನ್ನು ದನಿಯಲ್ಲಿ ಓದುವ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಓದಿ ಹೇಳುತ್ತದೆ. ‘ಕಾರ್ಯಕ್ರಮದ ಪೋಸ್ಟರ್’ ಅಂತ ಸುಮ್ನೆ ಬರೆದರೆ ಅವರಿಗೆ ಏನೂ ಸಿಗಲಿಲ್ಲ. ಯಾವ ಕಾರ್ಯಕ್ರಮ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಒಳಗೆ ಹೋಗಲು ಮೆಟ್ಟಿಲು ಹತ್ತಬೇಕಾ ಅನ್ನುವುದನ್ನೂ ಬರೆಯಿರಿ.