ಕಿತ್ತಳೆ ಹಾಳಾದ್ರೆ ದುಡ್ಡು ಯಾರಿಗೆ? ಫ್ಲೋರಿಡಾ ತೋಟಗಳ 130 ವರ್ಷದ ಲೆಕ್ಕ

ಅಮೆರಿಕದ ಫ್ಲೋರಿಡಾ ಅಂದ್ರೇನೆ ಕಿತ್ತಳೆ ಅನ್ನೋ ಕಾಲ ಇತ್ತು, ಅಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೂ ಕಿತ್ತಳೆ ಹಣ್ಣಿನ ಚಿತ್ರಾನೇ. 1997-98ರಲ್ಲಿ ಆ ಒಂದು ರಾಜ್ಯ 24 ಕೋಟಿಗೂ ಜಾಸ್ತಿ ಬಾಕ್ಸ್ ಬೆಳೆದಿತ್ತು, ಒಂದು ಬಾಕ್ಸ್ ಅಂದ್ರೆ 90 ಪೌಂಡ್, ಹತ್ತಿರಹತ್ತಿರ 41 ಕೆಜಿ. 2024-25ಕ್ಕೆ ಬಂದ್ರೆ 1.2 ಕೋಟಿ ಆಸುಪಾಸು. ಇಪ್ಪತ್ತರಲ್ಲಿ ಒಂದು ಪಾಲು ಉಳಿದಿದೆ ಅಷ್ಟೇ.

ಬೆಳೆ ಹೋದ್ರೆ ರೇಟ್ ಏರುತ್ತೆ, ರೇಟ್ ಏರಿದ್ರೆ ಬೆಳೆಗಾರರಿಗೆ ಒಳ್ಳೇದೇ ಅಲ್ವಾ ಅಂತ ತುಂಬಾ ಜನ ಕೇಳ್ತಾರೆ. ಏರಿದ ರೇಟು ಸಿಗೋದು ಮರದಲ್ಲಿ ಹಣ್ಣು ಉಳಿದಿರೋರಿಗೆ, ಮತ್ತೆ ಮರಾನೇ ಇಲ್ಲದೆ ಕಾಗದದ ಮೇಲೆ ಕಿತ್ತಳೆ ಕೊಂಡಿರೋರಿಗೆ. ಫ್ಲೋರಿಡಾದ ಇತಿಹಾಸ ಪೂರ್ತಿ ಇದೇ ಜಗಳ.

ಮೊದಲನೇ ದೊಡ್ಡ ಹೊಡೆತ 1894ರ ಡಿಸೆಂಬರ್ ಕೊನೆಗೆ. ಆಗ ತೋಟಗಳೆಲ್ಲ ರಾಜ್ಯದ ಉತ್ತರ ಮತ್ತು ಮಧ್ಯ ಭಾಗದಲ್ಲಿದ್ವು, ರೈಲು ಬಂದಿತ್ತು, ಹೊರಗಿನವರು ಬಂದು ಜಮೀನಿಗೆ ದುಡ್ಡು ಸುರೀತಿದ್ರು. ಒಂದು ರಾತ್ರಿ ಚಳಿಗೆ ಮರದಲ್ಲಿದ್ದ ಹಣ್ಣೆಲ್ಲ ಹೆಪ್ಪುಗಟ್ಟಿ ಹೋಯ್ತು, ಎಲೆ ಉದುರಿತು, ಆದ್ರೆ ಮರ ಸಾಯಲಿಲ್ಲ. ಜನವರಿಲಿ ಬಿಸಿಲು ಚೆನ್ನಾಗಿ ಬಂತು, ಸದ್ಯ ಬದುಕಿದ್ವಿ ಅಂದ್ಕೊಂಡ್ರು, ಮರಗಳಲ್ಲಿ ರಸ ಏರಿ ಎಳೆ ಚಿಗುರು ಒಡೀತು, ಅದೇ ಟೈಮಿಗೆ ಫೆಬ್ರವರಿ 2ನೇ ವಾರ ಶುರುವಾಗೋ ಹೊತ್ತಿಗೆ ಇನ್ನೊಂದು ಚಳಿ ಬಡೀತು ನೋಡಿ, ರಸ ತುಂಬಿದ್ದ ತೊಗಟೆ ಸೀಳಿ ಬುಡದವರೆಗೂ ಮರ ಸತ್ತೋದ್ವು. 50 ಲಕ್ಷ ಬಾಕ್ಸ್ ಹತ್ತಿರ ಇದ್ದ ಬೆಳೆ ಮುಂದಿನ ವರ್ಷ 2 ಲಕ್ಷಕ್ಕೂ ಕೆಳಗೆ ಬಿತ್ತು. ಬ್ಯಾಂಕ್‌ಗಳು ಬಾಗಿಲು ಹಾಕಿದ್ವು, ಎಷ್ಟೋ ಜನ ಮನೆ ತೋಟ ಹಂಗೇ ಬಿಟ್ಟು ಊರು ಖಾಲಿ ಮಾಡಿದ್ರು, ಉಳಿದವರು ದಕ್ಷಿಣಕ್ಕೆ ಸರಿದ್ರು. ಅಲ್ಲಿಂದ ಮುಂದೆ ಪ್ರತಿ ಸಲ ಚಳಿ ಹೊಡೆದಾಗಲೂ ತೋಟಗಳು ಇನ್ನಷ್ಟು ದಕ್ಷಿಣಕ್ಕೆ ಹೋಗ್ತಾನೇ ಇದಾವೆ.

ಎರಡನೇ ಮಹಾಯುದ್ಧದ ಟೈಮಲ್ಲಿ ಜ್ಯೂಸನ್ನ ಗಟ್ಟಿ ಮಾಡಿ ಫ್ರೀಜ್ ಮಾಡಿಡೋ ಟೆಕ್ನಿಕ್ ಫ್ಲೋರಿಡಾದ ವಿಜ್ಞಾನಿಗಳು ಕಂಡುಹಿಡಿದ್ರು, 1948ರಲ್ಲಿ ಪೇಟೆಂಟ್ ಆಯ್ತು. ಇದು ಆಟಾನೇ ಬದಲಾಯಿಸ್ತು, ಯಾಕಂದ್ರೆ ಹಣ್ಣು ಕೊಳೆಯುತ್ತೆ, ಡ್ರಮ್ಮಲ್ಲಿರೋ ಜ್ಯೂಸ್ ಕೊಳೆಯಲ್ಲ, ಹಂಗಾಗಿ ಸ್ಟಾಕ್ ಮಾಡಬಹುದು, ದೂರದಿಂದ ತರಿಸಬಹುದು, ಮುಂಗಡ ವ್ಯಾಪಾರಾನೂ ಮಾಡಬಹುದು. 1962ರ ಡಿಸೆಂಬರಲ್ಲಿ ಮತ್ತೆ ಭಾರಿ ಚಳಿ. ಮರದ ಮೇಲೆ ಸ್ಪ್ರಿಂಕ್ಲರಲ್ಲಿ ನೀರು ಹೊಡೆದು ಕಾಪಾಡೋಕೆ ಹೋದವರಿಗೆ ಅದೇ ತಿರುಗುಬಾಣ ಆಯ್ತು. ನೀರು ಹೆಪ್ಪುಗಟ್ಟೋವಾಗ ಶಾಖ ಬಿಡುತ್ತೆ ಅನ್ನೋದು ನಿಜ, ಆದ್ರೆ ಜೋರು ಗಾಳಿ ಇದ್ರೆ ಆ ನೀರು ಆರಿ ಇನ್ನೂ ತಣ್ಣಗೆ ಮಾಡುತ್ತೆ, ಮೇಲಿಂದ ಐಸ್ ಭಾರಕ್ಕೆ ಕೊಂಬೆಗಳು ಮುರಿದು ಬಿದ್ವು. ಈಗ ಬುಡದ ಹತ್ತಿರ ಮಾತ್ರ ಸಣ್ಣ ಸ್ಪ್ರಿಂಕ್ಲರ್ ಇಡ್ತಾರೆ.

ಆದ್ರೆ 1962ರ ನಿಜವಾದ ಪರಿಣಾಮ ಫ್ಲೋರಿಡಾದಲ್ಲಿ ಆಗಲಿಲ್ಲ, ಬ್ರೆಜಿಲ್‌ನಲ್ಲಿ ಆಯ್ತು. ಜ್ಯೂಸ್ ಕೊರತೆ ಬಿದ್ದಿದ್ದನ್ನ ನೋಡಿ ಸಾವೊ ಪಾಲೊ ರಾಜ್ಯದಲ್ಲಿ ಫ್ಯಾಕ್ಟರಿ ಮೇಲೆ ಫ್ಯಾಕ್ಟರಿ ಎದ್ವು. 80ರ ದಶಕಕ್ಕೆ ಅವರೇ ಫ್ಲೋರಿಡಾನ ಹಿಂದಿಕ್ಕಿದ್ರು.

1966ರಲ್ಲಿ ನ್ಯೂಯಾರ್ಕ್ ಕಾಟನ್ ಎಕ್ಸ್‌ಚೇಂಜಲ್ಲಿ ಆರೆಂಜ್ ಜ್ಯೂಸ್ ಫ್ಯೂಚರ್ಸ್, ಅಂದ್ರೆ ಮುಂದೆ ಕೊಡೋ ಸರಕಿಗೆ ಇವತ್ತೇ ರೇಟ್ ಗೊತ್ತು ಮಾಡೋ ಕಾಂಟ್ರ್ಯಾಕ್ಟ್, ಶುರುವಾಯ್ತು, ಒಂದು ಕಾಂಟ್ರ್ಯಾಕ್ಟ್ ಅಂದ್ರೆ 15,000 ಪೌಂಡ್ ಆರೆಂಜ್ ಸಾಲಿಡ್ಸ್ (ಜ್ಯೂಸಲ್ಲಿ ನೀರು ಬಿಟ್ಟು ಉಳಿಯೋ ಸಕ್ಕರೆ ಇತ್ಯಾದಿ). ಬೆಳೆಗಾರರಿಗೆ ರಕ್ಷಣೆ ಅಂತಾನೇ ಇದನ್ನ ಮಾರಿದ್ರು, ಆದ್ರೆ ಇದರೊಳಗೆ ಒಂದು ಗುಂಡಿ ಇದೆ. ತೋಟದವನು ಕೊಯ್ಲಿಗೆ ಮುಂಚೇನೇ ಒಂದು ರೇಟಿಗೆ ಫ್ಯೂಚರ್ಸ್ ಮಾರಿಟ್ಟ ಅನ್ಕೊಳ್ಳಿ. ರೇಟ್ ಬಿದ್ರೆ ಅವನು ಸೇಫ್. ಚಳಿ ಬಂದು ಬೆಳೆ ಹೋಯ್ತು, ರೇಟ್ ಡಬಲ್ ಆಯ್ತು, ಆಗ ಕೊಡೋಕೆ ಕಿತ್ತಳೆ ಇಲ್ಲ, ಮಾರಿದ್ದ ಕಾಂಟ್ರ್ಯಾಕ್ಟನ್ನ ದುಬಾರಿ ರೇಟಿಗೆ ವಾಪಸ್ ಕೊಳ್ಳಬೇಕು, ಅಂದ್ರೆ ತೋಟದಲ್ಲೂ ಲಾಸ್, ಪೇಟೆಯಲ್ಲೂ ಲಾಸ್. ಫ್ಯೂಚರ್ಸ್ ಕಾಯೋದು ಬೆಲೆಯನ್ನ, ಬೆಳೆಯನ್ನ ಕಾಯೋಕೆ ಇನ್ಶೂರೆನ್ಸೇ ಬೇಕು. ಇದು ಗೊತ್ತಿರೋ ಬೆಳೆಗಾರರು ಬರೋ ಬೆಳೆಯ ಒಂದು ಭಾಗಕ್ಕೆ ಮಾತ್ರ ಹೆಡ್ಜ್ ಮಾಡ್ತಾರೆ, ಅಂದ್ರೆ ಹಿಂಗೆ ಮುಂಚೇನೇ ರೇಟ್ ಕಟ್ಟಿಡ್ತಾರೆ.

ಆ ಕಡೆ ಟ್ರೇಡರ್‌ಗಳು ಥರ್ಮಾಮೀಟರ್ ನೋಡ್ಕೊಂಡೇ ಬದುಕೋರು. ಮೈನಸ್ 2 ಡಿಗ್ರಿ ಸೆಲ್ಸಿಯಸ್ ಸುಮಾರಲ್ಲಿ 4 ಗಂಟೆ ನಿಂತ್ರೆ ಹಣ್ಣು ಹಾಳು ಅನ್ನೋದು ಅಲ್ಲಿನ ಮಾಮೂಲಿ ಲೆಕ್ಕ. 1984ರಲ್ಲಿ ರಿಚರ್ಡ್ ರೋಲ್ ಅನ್ನೋ ಫೈನಾನ್ಸ್ ಪ್ರೊಫೆಸರ್ ಒಂದು ಮಜವಾದ ವಿಷ್ಯ ತೋರಿಸಿದ್ರು: ಹವಾಮಾನ ಇಲಾಖೆಯ ಮುನ್ಸೂಚನೆ ಎಷ್ಟು ತಪ್ಪಾಗುತ್ತೆ ಅನ್ನೋದರ ಸುಳಿವು ಜ್ಯೂಸ್ ರೇಟಲ್ಲೇ ಸಿಗುತ್ತೆ. ಅದೇ ಪೇಪರಲ್ಲಿ ಇನ್ನೊಂದು ಮಾತೂ ಇತ್ತು, ರೇಟ್ ಏರಿಳಿತದಲ್ಲಿ ಹವಾಮಾನದಿಂದ ವಿವರಿಸೋಕಾಗೋದು ಸ್ವಲ್ಪಾನೇ ಅಂತ. ಆದ್ರೆ ಜನ ನೆನಪಿಟ್ಕೊಂಡಿದ್ದು ಮೊದಲನೇದನ್ನ ಮಾತ್ರ.

80ರ ದಶಕ ಫ್ಲೋರಿಡಾದ ಮಧ್ಯ ಭಾಗದ ಪಾಲಿಗೆ ಘೋರ. 1983ರ ಕ್ರಿಸ್‌ಮಸ್, 1985ರ ಜನವರಿ, 1989ರ ಡಿಸೆಂಬರ್, ಒಂದು ಗಾಯ ಆರೋಕೆ ಮುಂಚೆ ಇನ್ನೊಂದು. ಹಿಂದೆ ಆಗಿದ್ರೆ ರೇಟ್ ಏರಿ ಸ್ವಲ್ಪ ಸಮಾಧಾನ ಸಿಗ್ತಿತ್ತು, ಈಗ ಬ್ರೆಜಿಲ್ ಜ್ಯೂಸ್ ಹಡಗಲ್ಲಿ ಬಂದು ಆ ಜಾಗ ತುಂಬ್ತು. ಇನ್ನೊಂದ್ ಕಡೆ 1971ರಲ್ಲೇ ಒರ್ಲ್ಯಾಂಡೊ ಪಕ್ಕ ಡಿಸ್ನಿ ವರ್ಲ್ಡ್ ಓಪನ್ ಆಗಿ ಜಾಗದ ರೇಟ್ ಗಗನಕ್ಕೆ ಹೋಗಿತ್ತು. ಸಾಲ ಮಾಡಿ ಹೊಸ ಗಿಡ ನೆಟ್ಟು ವರ್ಷಗಟ್ಟಲೆ ಕಾಯೋದಾ, ಲೇಔಟ್ ಮಾಡೋನಿಗೆ ಮಾರಿಬಿಡೋದಾ? ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಇದ್ದೋರಿಗೆ ಈ ಪ್ರಶ್ನೆ ಬಿಡಿಸಿ ಹೇಳೋದೇ ಬೇಡ.

ಆಮೇಲೆ ಬಂದಿದ್ದು ಚಂಡಮಾರುತಗಳ ಸರದಿ. 2004ರಲ್ಲಿ ಚಾರ್ಲಿ, ಫ್ರಾನ್ಸಿಸ್, ಜೀನ್ ಸಾಲಾಗಿ ಬಂದ್ವು, 24 ಕೋಟಿ ಬಾಕ್ಸ್ ಇದ್ದಿದ್ದು ಒಂದೇ ವರ್ಷಕ್ಕೆ 15 ಕೋಟಿಗೆ ಇಳೀತು. ಹಣ್ಣು ಉದುರಿದ್ದಕ್ಕಿಂತ ಕೆಟ್ಟದ್ದು ಏನಪ್ಪಾ ಅಂದ್ರೆ ಗಾಳಿಮಳೆ ಜೊತೆ ಕ್ಯಾಂಕರ್ ರೋಗದ ಬ್ಯಾಕ್ಟೀರಿಯಾ ತೋಟದಿಂದ ತೋಟಕ್ಕೆ ಹಾರ್ತು. ರೋಗ ಕಂಡ ಮರದ ಸುತ್ತ 1,900 ಅಡಿ ಒಳಗಿರೋ ಚೆನ್ನಾಗಿರೋ ಮರಗಳನ್ನೂ ಕಡೀತಿದ್ರು, 2005ರ ವಿಲ್ಮಾ ಚಂಡಮಾರುತ ಅದನ್ನ ಎಷ್ಟು ಹರಡಿತು ಅಂದ್ರೆ ಕಡಿದು ಮುಗಿಯಲ್ಲ ಅಂತ ಸರ್ಕಾರಾನೇ 2006ರಲ್ಲಿ ಕೈಬಿಡ್ತು. ಅದೇ 2005ರಲ್ಲಿ ಗ್ರೀನಿಂಗ್ ಅನ್ನೋ, ಮರಾನ ನಿಧಾನಕ್ಕೆ ಕೊಲ್ಲೋ ಇನ್ನೊಂದು ಬ್ಯಾಕ್ಟೀರಿಯಾ ರೋಗಾನೂ ಕಾಣಿಸ್ತು. ಇದು ನಮಗೆ ಹೊಸದಲ್ಲ, ಕಾಫಿ ತೋಟದ ಮಧ್ಯೆ ಬೆಳೀತಿದ್ದ ಕೊಡಗಿನ ಕಿತ್ತಳೆ ಕಡಿಮೆಯಾಗೋಕೆ ಈ ರೋಗಾನೂ ಒಂದು ಕಾರಣ. ಈ ರೋಗ ಬಂದ ಮರದಲ್ಲಿ ಬೇರು ಸೊರಗಿ ಹಣ್ಣಿನ ತೊಟ್ಟು ಸಡಿಲ ಆಗಿರುತ್ತೆ, ಗಟ್ಟಿ ಮರ ತಡ್ಕೊಳ್ಳೋ ಗಾಳಿಗೇ ರೋಗದ ಮರ ಹಣ್ಣು ಉದುರಿಸಿಬಿಡುತ್ತೆ. ಹಂಗಾಗಿ 2017ರ ಇರ್ಮಾ ಬೆಳೆಯನ್ನ 4.5 ಕೋಟಿಗೆ ತಂತು, 2022ರ ಇಯಾನ್ ಆದ್ಮೇಲೆ 1.6 ಕೋಟಿ. ರೋಗ ಎಷ್ಟು ತಿಂತು, ಗಾಳಿ ಎಷ್ಟು ತಿಂತು ಅಂತ ಬಿಡಿಸಿ ಹೇಳೋಕೇ ಬರಲ್ಲ.

2024ರಲ್ಲಿ ಬ್ರೆಜಿಲಲ್ಲೂ ಬರ, ಬಿಸಿಲು, ಜೊತೆಗೆ ಅದೇ ಗ್ರೀನಿಂಗ್. ಎರಡೂ ಕಡೆ ಒಟ್ಟಿಗೇ ಬೆಳೆ ಕೈಕೊಟ್ಟಾಗ ಫ್ಯೂಚರ್ಸ್ ಒಂದು ಪೌಂಡಿಗೆ 5 ಡಾಲರ್ ದಾಟ್ತು, ಇತಿಹಾಸದಲ್ಲೇ ಜಾಸ್ತಿ. ಆ ಅಕ್ಟೋಬರಲ್ಲಿ ಮಿಲ್ಟನ್ ಚಂಡಮಾರುತ ಬೇರೆ. ಇಂಥಾ ರೇಟ್ ಇರೋವಾಗ, 2025ರ ಜನವರಿಲಿ, ಅಮೆರಿಕದ ಅತಿ ದೊಡ್ಡ ಕಿತ್ತಳೆ ಬೆಳೆಗಾರರಲ್ಲಿ ಒಂದಾದ ಅಲಿಕೊ ಕಂಪನಿ ನಾವು ಕಿತ್ತಳೆ ನಿಲ್ಲಿಸ್ತೀವಿ ಅಂತ ಹೇಳಿಬಿಡ್ತು. ಹತ್ತು ವರ್ಷದಲ್ಲಿ ಅವರ ಬೆಳೆ ಸುಮಾರು 73% ಬಿದ್ದಿತ್ತು. ಅಮೆರಿಕದ ನ್ಯಾಸ್ಡ್ಯಾಕ್ ಷೇರುಪೇಟೆಯಲ್ಲಿ ಲಿಸ್ಟ್ ಆಗಿರೋ ಕಂಪನಿ ಅದು, ಷೇರುದಾರರ ಮುಂದೆ ಆಗ ಅವರು ಇಟ್ಟ ಆಸ್ತಿ ಅಂದ್ರೆ 53,000 ಚಿಲ್ಲರೆ ಎಕರೆ ಜಮೀನು, ಅದರಲ್ಲಿ ಕಾಲು ಭಾಗ ಮನೆ, ಕಮರ್ಷಿಯಲ್ ಕಟ್ಟೋಕೆ ಆಗುತ್ತೆ ಅಂತ ಅವರದ್ದೇ ಲೆಕ್ಕ.

ಇನ್ನೂ ಏರುತ್ತೆ ಅಂತ ಆ ಎತ್ತರದಲ್ಲಿ ಕೊಂಡವರ ಕಥೆ? ಮುಂದಿನ ಸೀಸನ್‌ಗೆ ಬ್ರೆಜಿಲ್‌ನಲ್ಲಿ 31 ಕೋಟಿಗೂ ಜಾಸ್ತಿ ಬಾಕ್ಸ್ ಬರುತ್ತೆ ಅಂತ ಅಂದಾಜು ಬಂತು, ದುಬಾರಿ ಅಂತ ಜನ ಜ್ಯೂಸ್ ಕುಡಿಯೋದೂ ಕಡಿಮೆ ಮಾಡಿದ್ರು, 2025ರ ಮಧ್ಯದ ಹೊತ್ತಿಗೆ ರೇಟ್ ಅರ್ಧಕ್ಕಿಂತ ಕೆಳಗೆ ಬಂದಿತ್ತು. ನ್ಯೂಯಾರ್ಕ್ ಕಾಂಟ್ರ್ಯಾಕ್ಟಲ್ಲಿ ಈಗ ಅಮೆರಿಕದ್ದಷ್ಟೇ ಅಲ್ಲ, ಬ್ರೆಜಿಲ್, ಮೆಕ್ಸಿಕೊ, ಕೋಸ್ಟರಿಕಾ ಜ್ಯೂಸ್ ಕೊಟ್ರೂ ನಡೆಯುತ್ತೆ, ಅದಕ್ಕೇ ಟ್ರೇಡರ್‌ಗಳು ಫ್ಲೋರಿಡಾ ಚಳಿಗಿಂತ ಜಾಸ್ತಿ ಸಾವೊ ಪಾಲೊ ಮಳೆಯನ್ನೇ ನೋಡ್ತಾ ಕೂತಿರ್ತಾರೆ.