ಸ್ಟೀರಿಂಗ್ ದೂರಿನ ಮೂಲ ಹುಡುಕುವ ಬಗೆ

ಐಷಾರಾಮಿ ಫೋರ್ ವ್ಹೀಲ್ ಡ್ರೈವ್ ವಾಹನದ ಮಾಲೀಕರು "ಸ್ಟೀರಿಂಗ್ ಯಾಕೋ ಸರಿಯಿಲ್ಲ" ಎಂದಾಗ ಆ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ದೋಷಗಳು ಅಡಗಿರಬಹುದು. ಗಾಡಿ ಒಂದು ಬದಿಗೆ ಎಳೆಯುವುದು, ಸ್ಟೀರಿಂಗ್ ಇದ್ದಕ್ಕಿದ್ದಂತೆ ಭಾರವಾಗುವುದು, ತಿರುವು ಮುಗಿದ ಮೇಲೂ ಅದು ತಾನಾಗಿ ನಡುವಿಗೆ ಮರಳದಿರುವುದು, ಇವೆಲ್ಲ ಒಂದೇ ಕಾಯಿಲೆಯ ಲಕ್ಷಣಗಳಲ್ಲ. ಆದರೂ ಸಂಶಯ ಮೊದಲು ಬೀಳುವುದು ಸ್ಟೀರಿಂಗಿನ ತಿರುಗುವಿಕೆಯನ್ನು ಚಕ್ರಗಳಿಗೆ ದಾಟಿಸುವ ದುಬಾರಿಯಾದ ಘಟಕ, ಸ್ಟೀರಿಂಗ್ ರ್ಯಾಕ್ ಮೇಲೆ. ಕಟ್ಟಕಡೆಗೆ ಅನುಮಾನಿಸಬೇಕಾದ ಭಾಗ ಅದು ಎಂಬುದು ನನ್ನ ಖಚಿತ ಅಭಿಪ್ರಾಯ. ಟೈರು, ಸಸ್ಪೆನ್ಷನ್, ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಸಾಫ್ಟ್‌ವೇರ್ ಇವುಗಳಲ್ಲಿ ಯಾವುದು ಕೆಟ್ಟರೂ ಚಾಲಕನಿಗೆ ಅದು ಗೊತ್ತಾಗುವುದು ಸ್ಟೀರಿಂಗ್ ಹಿಡಿದ ಕೈಗಳ ಮೂಲಕವೇ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುನ್ನ ಚಾಲಕರನ್ನು ಸಾವಧಾನವಾಗಿ ವಿಚಾರಿಸಬೇಕು. ತೊಂದರೆ ಯಾವ ವೇಗದಲ್ಲಿ ಕಾಣುತ್ತದೆ, ಎರಡೂ ಕಡೆ ತಿರುಗಿಸಿದಾಗಲೋ ಒಂದೇ ಕಡೆಗೋ, ಬ್ರೇಕ್ ಒತ್ತಿದಾಗ ಹೆಚ್ಚುತ್ತದೆಯೇ, ಇತ್ತೀಚೆಗೆ ಟೈರು ಅಥವಾ ಬ್ಯಾಟರಿ ಬದಲಾಗಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ನಂತರ ಗಾಡಿಯನ್ನು ತನ್ನ ಪಥದಲ್ಲೇ ಉಳಿಸಲು ಸ್ಟೀರಿಂಗನ್ನು ತಾನಾಗಿ ತಿದ್ದುವ ಲೇನ್ ಅಸಿಸ್ಟ್ ಅನ್ನು ಆಫ್ ಮಾಡಿ ಅದೇ ರಸ್ತೆಯಲ್ಲಿ ಮತ್ತೊಮ್ಮೆ ಓಡಿಸಿ ನೋಡಬೇಕು. ಹೆದ್ದಾರಿಯಲ್ಲಿ ಯಾರೋ ಸ್ಟೀರಿಂಗನ್ನು ಮೆಲ್ಲಗೆ ಎಳೆದಂತಾಗುತ್ತದೆ ಎಂಬ ದೂರು ಕೆಲವೊಮ್ಮೆ ಅಲ್ಲಿಗೇ ಮುಗಿಯುತ್ತದೆ.

ಈಗಿನ ವಾಹನಗಳಲ್ಲಿ ಸ್ಟೀರಿಂಗಿಗೆ ಬಲ ಕೊಡುವುದು ಹೆಚ್ಚಾಗಿ ವಿದ್ಯುತ್ ಮೋಟರ್. ಚಾಲಕನು ತಿರುಗಿಸಿದಾಗ ತೆಳುವಾದ ಒಂದು ಉಕ್ಕಿನ ಸಲಾಕೆ ಕೊಂಚ ತಿರುಚಿಕೊಳ್ಳುತ್ತದೆ, ಟಾರ್ಕ್ ಸೆನ್ಸರ್ ಆ ತಿರುಚನ್ನು ಅಳೆಯುತ್ತದೆ, ಕಂಟ್ರೋಲ್ ಯೂನಿಟ್ ಅದಕ್ಕೆ ತಕ್ಕಷ್ಟು ನೆರವನ್ನು ಮೋಟರಿನಿಂದ ಕೊಡಿಸುತ್ತದೆ. ನಿಂತಲ್ಲೇ ಅಗಲವಾದ ಟೈರುಗಳನ್ನು ತಿರುಗಿಸುವಾಗ ಈ ಮೋಟರಿಗೆ ಬಹಳ ಕರೆಂಟ್ ಬೇಕು. ಬ್ಯಾಟರಿ ದುರ್ಬಲವಾಗಿದ್ದರೆ ಅಥವಾ ಅರ್ತಿಂಗ್ ತಂತಿ ಸಡಿಲವಾಗಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಆಗ ವ್ಯವಸ್ಥೆ ತನ್ನ ರಕ್ಷಣೆಗಾಗಿ ನೆರವನ್ನು ಕಡಿಮೆ ಮಾಡುತ್ತದೆ. ಪಾರ್ಕಿಂಗ್ ಮಾಡುವಾಗ ಮಾತ್ರ ಭಾರ, ಓಡುವಾಗ ಸರಿ ಎಂದರೆ ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸ್ಕ್ಯಾನರಿನಲ್ಲಿ ಮೊದಲು ನೋಡಬೇಕಾದದ್ದು ತಿರುಗಿಸುತ್ತಿರುವ ಹೊತ್ತಿನ ವೋಲ್ಟೇಜನ್ನು. ಫಾಲ್ಟ್ ಕೋಡ್ (ಆ ಕಂಪ್ಯೂಟರ್ ದಾಖಲಿಸುವ ದೋಷ ಸಂಕೇತ) ಇಲ್ಲ ಎಂಬ ಒಂದೇ ಕಾರಣಕ್ಕೆ ವ್ಯವಸ್ಥೆ ಆರೋಗ್ಯವಾಗಿದೆ ಎಂದು ತೀರ್ಮಾನಿಸಬಾರದು.

ಗಾಡಿ ಒಂದೇ ಬದಿಗೆ ಎಳೆಯುತ್ತಿದ್ದರೆ ಗಾಳಿಯ ಒತ್ತಡ ಸರಿಪಡಿಸಿ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಬೇಕು. ಒಂದೇ ದಿಕ್ಕಿಗೆ ಉರುಳುವಂತೆ ಬಾಣದ ಗುರುತಿರುವ ಟೈರಾದರೆ ಈ ಪರೀಕ್ಷೆ ಸಲ್ಲದು. ಎಳೆತವೂ ಬದಿ ಬದಲಾಯಿಸಿದರೆ ದೋಷ ಟೈರಿನದು, ಚಕ್ರಗಳ ಕೋನಗಳ ಹೊಂದಾಣಿಕೆಯಾದ ಅಲೈನ್‌ಮೆಂಟಿನದಲ್ಲ. ಎಡ ತಿರುವಿನ ನಂತರ ಎಡಕ್ಕೂ ಬಲ ತಿರುವಿನ ನಂತರ ಬಲಕ್ಕೂ ಎಳೆಯುವುದಾದರೆ ಎಲ್ಲೋ ಘರ್ಷಣೆ ಹೆಚ್ಚಿದೆ ಎಂದರ್ಥ. ಆಗ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಸಸ್ಪೆನ್ಷನ್ ಕಂಬ) ಮೇಲಿನ ಬೇರಿಂಗ್ ಮತ್ತು ಬಾಲ್ ಜಾಯಿಂಟುಗಳ ಬಿಗಿತವನ್ನು ಪರೀಕ್ಷಿಸಬೇಕು.

ಫೋರ್ ವ್ಹೀಲ್ ಡ್ರೈವ್ ಗಾಡಿಗಳಿಗೇ ವಿಶೇಷವಾದ, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವ ದೂರು ಮತ್ತೊಂದಿದೆ. ನಿಧಾನವಾಗಿ ಪೂರ್ತಿ ತಿರುಗಿಸುವಾಗ ಗಾಡಿ ಬ್ರೇಕ್ ಹಿಡಿದಂತೆ ತಡೆದು, ಬಳಿಕ ಜಗ್ಗಿ ಬಿಡುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಆ ವ್ಯತ್ಯಾಸಕ್ಕೆ ಆಸ್ಪದ ಕೊಡಬೇಕಾದ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಬಿಡದೆ ಹಿಡಿದುಕೊಂಡರೆ ಚಕ್ರಗಳ ಕಡೆಗೆ ಬಲ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳ ನಡುವೆ ಬಿಗಿತ ಕಟ್ಟಿಕೊಳ್ಳುತ್ತದೆ. ಒಂದಕ್ಕೊಂದು ಹೊಂದಿಕೆಯಾಗದ ಟೈರುಗಳೂ ಇದಕ್ಕೆ ಕಾರಣವಾಗಬಲ್ಲವು. 780 ಮಿಲಿಮೀಟರ್ ವ್ಯಾಸದ ಟೈರಿನ ಗುಂಡಿ (ನೆಲಕ್ಕೆ ತಾಗುವ ರಬ್ಬರಿನ ಅಚ್ಚು) 4 ಮಿಲಿಮೀಟರ್ ಸವೆದರೆ ಹೊರ ಸುತ್ತಳತೆ ಸುಮಾರು 25 ಮಿಲಿಮೀಟರ್ ಕುಗ್ಗುತ್ತದೆ, ಎಂದರೆ ಲೆಕ್ಕದ ಪ್ರಕಾರ ಕಿಲೋಮೀಟರಿಗೆ ನಾಲ್ಕು ಸುತ್ತು ಹೆಚ್ಚು. ಹಿಂದಕ್ಕೆ ಎರಡು ಹೊಸ ಟೈರು ಹಾಕಿ ಮುಂದಿನ ಸವೆದವನ್ನು ಹಾಗೇ ಬಿಟ್ಟ ಗಾಡಿಯಲ್ಲಿ ಆ ಕ್ಲಚ್ ನೇರ ರಸ್ತೆಯಲ್ಲೂ ಜಾರುತ್ತಲೇ ಇರಬೇಕಾಗುತ್ತದೆ. ನಾಲ್ಕೂ ಟೈರುಗಳ ಗುಂಡಿಯ ಆಳವನ್ನು ಗೇಜಿನಲ್ಲಿ ಅಳೆದು ಬರೆದುಕೊಳ್ಳಿ ಎಂದು ನಾನು ಕಿರಿಯರಿಗೆ ಒತ್ತಾಯಿಸುವುದು ಇದಕ್ಕಾಗಿಯೇ.

ಆದರೆ ಹೋಲುವ ಇನ್ನೊಂದು ಲಕ್ಷಣ ದೋಷವೇ ಅಲ್ಲ. ಚಳಿಯಲ್ಲಿ, ನುಣುಪಾದ ನೆಲದ ಮೇಲೆ, ಸ್ಟೀರಿಂಗ್ ಪೂರ್ತಿ ತಿರುಗಿದ ಕೊನೆಯ ಹಂತದಲ್ಲಿ ಮಾತ್ರ ಮುಂದಿನ ಅಗಲ ಟೈರುಗಳು ಟಕ್ ಟಕ್ ಎಂದು ಪಕ್ಕಕ್ಕೆ ಜಿಗಿಯುತ್ತವೆ. ಒಳ ಮತ್ತು ಹೊರ ಚಕ್ರಗಳ ಕೋನಗಳು ಆ ಹಂತದಲ್ಲಿ ಪರಸ್ಪರ ಪೂರ್ಣವಾಗಿ ಹೊಂದದಿರುವುದು ಮತ್ತು ರಬ್ಬರ್ ಗಡುಸಾಗಿರುವುದು ಇದಕ್ಕೆ ಕಾರಣ. ಅರ್ಧ ತಿರುಗಿಸಿದಾಗಲೇ ಶುರುವಾಗಿ ಕ್ರಮೇಣ ಏರುವ ಬಿಗಿತ ಮಾತ್ರ ಟ್ರಾನ್ಸ್‌ಫರ್ ಕೇಸಿನ ಕಡೆಗೆ ಬೆರಳು ಮಾಡುತ್ತದೆ.

ಏರ್ ಸಸ್ಪೆನ್ಷನ್ ಇದ್ದರೆ ಅಲೈನ್‌ಮೆಂಟ್ ಯಂತ್ರಕ್ಕೆ ಏರಿಸುವ ಮೊದಲು ನಾಲ್ಕೂ ಮೂಲೆಗಳ ಎತ್ತರವನ್ನು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಲೇಬೇಕು. ಎತ್ತರ ಬದಲಾದರೆ ಚಕ್ರದ ಕೋನಗಳೂ ಬದಲಾಗುತ್ತವೆ, ತಪ್ಪು ಎತ್ತರದಲ್ಲಿ ಮಾಡಿದ ಅಲೈನ್‌ಮೆಂಟ್ ಕಾಗದದ ಮೇಲೆ ಹಸಿರಾಗಿ, ಎಂದರೆ ಸರಿಯೆಂದು ಕಂಡರೂ ರಸ್ತೆಯ ಮೇಲೆ ಸುಳ್ಳಾಗುತ್ತದೆ. ಹಿಂದಿನ ಚಕ್ರಗಳೂ ತಿರುಗುವ ಗಾಡಿಯಲ್ಲಿ ಅವು ನಿಜವಾಗಿ ನೇರಕ್ಕೆ ನಿಂತಿವೆಯೇ ಎಂಬುದನ್ನೂ ನೋಡಬೇಕು.

ಸ್ಟೀರಿಂಗ್ ತಿರುಗಿಸುವಾಗ ಒಂದು ಸುತ್ತಿಗೆ ಎರಡು ಬಾರಿ ಬಿಗಿ, ಎರಡು ಬಾರಿ ಸಡಿಲ ಎನಿಸಿದರೆ ಕಾಲಂ (ಸ್ಟೀರಿಂಗ್ ಚಕ್ರ ಕೂರುವ ಕಂಬ) ಮತ್ತು ರ್ಯಾಕ್ ನಡುವಿನ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್, ಎಂದರೆ ಓರೆಯಲ್ಲೂ ತಿರುಗಬಲ್ಲ ಕೀಲು, ಬಿಗಿದು ಹಿಡಿದಿರುವ ಸಾಧ್ಯತೆಯೇ ಹೆಚ್ಚು. ಪ್ಲೇ, ಎಂದರೆ ಜಾಯಿಂಟುಗಳ ಸಡಿಲ ಅಲುಗಾಟವನ್ನು ಹುಡುಕುವಾಗ ಗಾಡಿಯನ್ನು ಜಾಕ್ ಮೇಲೆ ಎತ್ತಬೇಡಿ. ಚಕ್ರಗಳು ನೆಲದ ಮೇಲೆ ಭಾರ ಹೊತ್ತಿರುವಾಗಲೇ ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಅಲುಗಾಡಿಸಬೇಕು, ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಜಾಯಿಂಟಿನ ಮೇಲೆ ಕೈಯಿಟ್ಟು ಪರೀಕ್ಷಿಸಬೇಕು. ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮಿನ ರಬ್ಬರ್ ಬುಷ್ ಹರಿದಿದ್ದರೆ ಅದೂ ಈ ಹೊತ್ತಿನಲ್ಲೇ ಕಣ್ಣಿಗೆ ಬೀಳುತ್ತದೆ. ಇಷ್ಟೆಲ್ಲ ಆದ ಮೇಲೂ ರ್ಯಾಕಿನ ಒಳಗೇ ಪ್ಲೇ ಅಥವಾ ಒರಟುತನ ಉಳಿದಿದ್ದರೆ ಅದನ್ನು ಬದಲಾಯಿಸಬಹುದು. ಬದಲಾಯಿಸಿದ ನಂತರ ಹೊಸ ಘಟಕಕ್ಕೆ ಆ ಗಾಡಿಯ ಕೋಡಿಂಗ್ ತುಂಬಿ, ಅಲೈನ್‌ಮೆಂಟ್ ಮುಗಿಸಿ, ಸ್ಟೀರಿಂಗ್ ಆ್ಯಂಗಲ್ ಸೆನ್ಸರಿನ (ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸಾಧನ) ಸೊನ್ನೆಯನ್ನು ಮರುಹೊಂದಿಸದೆ ಗಾಡಿಯನ್ನು ಮಾಲೀಕರ ಕೈಗೆ ಒಪ್ಪಿಸಕೂಡದು.